ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ: 16 ಕಿಲೋಮೀಟರ್ ರೈಲುದಾರಿಯ ಕಥೆ

ಎಲ್ಲರಿಗೂ ನಮಸ್ಕಾರ.

ಇವತ್ತಿನ ವಿಷಯ ಕೋಲಾರದ ಚಿನ್ನದ ಗಣಿಗಳಿಗೆ ಹೋಗುವ ರೈಲುದಾರಿ. ಹಾಗೆಂದ ಕೂಡಲೇ ಬಹಳ ಜನರ ಕಣ್ಣ ಮುಂದೆ ಬರುವುದು ಚಿನ್ನದ ಗಟ್ಟಿಗಳನ್ನು ತುಂಬಿಕೊಂಡು ಹೊರಟ ಗಾಡಿ. ಮೊದಲು ಆ ಚಿತ್ರವನ್ನು ಸ್ವಲ್ಪ ಪರೀಕ್ಷೆ ಮಾಡೋಣ. ಕೆಜಿಎಫ್‌ನಲ್ಲಿ ಸುಮಾರು 120 ವರ್ಷ ಗಣಿಗಾರಿಕೆ ನಡೆಯಿತು. ಅಷ್ಟೂ ವರ್ಷಗಳಲ್ಲಿ ಸಿಕ್ಕ ಚಿನ್ನ ಒಟ್ಟು ಸುಮಾರು 800 ಟನ್. ಈಗಿನ ಗೂಡ್ಸ್ ಗಾಡಿಯ ಒಂದು ವ್ಯಾಗನ್ 60 ಟನ್ ಹೊರುತ್ತದೆ. ಲೆಕ್ಕ ಹಾಕಿ ನೋಡಿ: 120 ವರ್ಷದ ಚಿನ್ನವನ್ನೆಲ್ಲ ಒಂದೇ ಸಲ ಸಾಗಿಸುತ್ತೇವೆ ಅಂದರೂ 14 ವ್ಯಾಗನ್ ಸಾಕು. ಒಂದು ಗೂಡ್ಸ್ ಗಾಡಿಯ ಕಾಲು ಭಾಗ ಅಷ್ಟೇ. ಇಷ್ಟು ಹಗುರದ ಸರಕಿಗೆ ಯಾರೂ ರೈಲುದಾರಿ ಹಾಕುವುದಿಲ್ಲ. ಅದಕ್ಕೆ ಬೀಗ ಹಾಕಿದ ಪೆಟ್ಟಿಗೆ, ಜೊತೆಗೆ ಬಂದೂಕು ಹಿಡಿದ ನಾಲ್ಕು ಜನ ಕಾವಲಿನವರು ಸಾಕು.

ಹಾಗಾದರೆ 1894ರಲ್ಲಿ ಮೈಸೂರು ಸರ್ಕಾರ ಇಲ್ಲಿ ಹಳಿ ಹಾಕಿಸಿದ್ದು ಯಾವುದಕ್ಕೆ? ಹೊರಗೆ ಹೋಗುವುದಕ್ಕಿಂತ ಒಳಗೆ ಬರಬೇಕಾದದ್ದು ಅಷ್ಟಿತ್ತು. ಕಲ್ಲಿದ್ದಲು, ಮರಮುಟ್ಟು, ಬಾಯ್ಲರು, ಕಬ್ಬಿಣ, ಅಕ್ಕಿಮೂಟೆ, ಎಲ್ಲಕ್ಕಿಂತ ಹೆಚ್ಚಾಗಿ ಮನುಷ್ಯರು. ಈ ಹಳಿ ಗಣಿಯ ಬಾಯಿಗೆ ಊಟ ತಂದು ಕೊಟ್ಟ ಹಳಿ. ಇವತ್ತು ಅದೇ ಹಳಿ ಅದೇ ಜನರ ಮೊಮ್ಮಕ್ಕಳನ್ನು, ಮರಿಮಕ್ಕಳನ್ನು ಹೊಟ್ಟೆಪಾಡಿಗೆಂದು ದಿನಾ ಬೆಳಿಗ್ಗೆ ಊರಿನಿಂದ ಹೊರಗೆ ಕರೆದುಕೊಂಡು ಹೋಗುತ್ತಿದೆ. ಹಳಿ ಅಲ್ಲೇ ಇದೆ, ದುಡಿಮೆ ದಿಕ್ಕು ಬದಲಾಯಿಸಿದೆ. ನಾನು ಇವತ್ತು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಈ ಭಾಗದ ಜನ ಹಳೆಯ ಗುಂಡಿಗಳಿಂದ ಕಲ್ಲು ತಂದು, ಕುಟ್ಟಿ, ತೊಳೆದು ಚಿನ್ನ ತೆಗೆಯುತ್ತಿದ್ದುದನ್ನು 1802ರಲ್ಲಿ ಜಾನ್ ವಾರನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಕಂಡು ವರದಿ ಮಾಡಿದ. ಎಪ್ಪತ್ತು ವರ್ಷ ಕಳೆದ ಮೇಲೆ ಬೆಂಗಳೂರು ದಂಡುಪ್ರದೇಶದಲ್ಲಿ ನೆಲೆಸಿದ್ದ ಮೈಕೆಲ್ ಲವೆಲ್ ಎಂಬ ನಿವೃತ್ತ ಸೈನಿಕ 1873ರಲ್ಲಿ ಮೈಸೂರು ಸರ್ಕಾರದಿಂದ ಗಣಿಗಾರಿಕೆಯ ಹಕ್ಕು ಪಡೆದ. ಅವನ ಕೈಯಲ್ಲಿ ಅಷ್ಟು ಬಂಡವಾಳವಿರಲಿಲ್ಲ, ಹಕ್ಕು ಬೇರೆಯವರ ಕೈ ಸೇರಿತು. 1880ರ ಹೊತ್ತಿಗೆ ಕಂಪನಿಗಳ ಮೇಲೆ ಕಂಪನಿಗಳು ಹುಟ್ಟಿಕೊಂಡು, ನೆಲ ಅಗೆದು, ದುಡ್ಡು ಕಳೆದುಕೊಂಡವು. ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ನೋಡಿಕೊಳ್ಳುತ್ತಿದ್ದ ಮೈಸೂರು ಮೈನ್‌ನಲ್ಲಿ ಕ್ಯಾಪ್ಟನ್ ಪ್ಲಮರ್ ಎಂಬುವನು ಹಳೆಯ ಕಾಲದವರು ಬಿಟ್ಟುಹೋಗಿದ್ದ ಗುಂಡಿಯನ್ನೇ ಇನ್ನೂ ಆಳಕ್ಕೆ ಇಳಿಸಿದ. 1884-85ರ ಸುಮಾರಿಗೆ ಅಲ್ಲಿ ಸಿಕ್ಕಿದ್ದು ಮುಂದೆ ಚಾಂಪಿಯನ್ ರೀಫ್ ಎಂದು ಜಗತ್ತಿಗೇ ಗೊತ್ತಾದ ಚಿನ್ನದ ಪದರ. ನೂರಾರು ವರ್ಷಗಳ ಹಿಂದೆ ಹೆಸರಿಲ್ಲದ ನಮ್ಮ ಜನ ಅಗೆದ ಗುಂಡಿ ದಾರಿ ತೋರಿಸದಿದ್ದರೆ ಆ ಕಂಪನಿಯೂ ಉಳಿದವರ ಹಾಗೆ ಬಾಗಿಲು ಹಾಕಿಕೊಂಡು ಹೋಗುತ್ತಿತ್ತು. ಇದನ್ನು ನಾವು ಸಾಕಷ್ಟು ಗಟ್ಟಿಯಾಗಿ ಹೇಳಿಲ್ಲ ಅಂತ ನನಗೆ ಅನಿಸುತ್ತದೆ.

ಚಿನ್ನವೇನೋ ಸಿಕ್ಕಿತು. ಆದರೆ ಅದು ಕಲ್ಲಿನ ಒಳಗಿದೆ. ಒಳ್ಳೆಯ ಕಾಲದಲ್ಲೂ ಒಂದು ಟನ್ ಕಲ್ಲು ಒಡೆದರೆ ಸಿಗುತ್ತಿದ್ದುದು ತೊಲೆಗಳ ಲೆಕ್ಕದ ಚಿನ್ನ. ಆ ಕಲ್ಲನ್ನು ಆಳದಿಂದ ಮೇಲೆತ್ತಬೇಕು, ಸ್ಟಾಂಪ್ ಮಿಲ್ಲಿನಲ್ಲಿ ಕುಟ್ಟಿ ಪುಡಿ ಮಾಡಬೇಕು, ಒಳಗೆ ತುಂಬಿಕೊಳ್ಳುವ ನೀರನ್ನು ಪಂಪ್ ಮಾಡಿ ಹೊರಗೆ ಹಾಕಬೇಕು. ಎಲ್ಲವೂ ಉಗಿಯಿಂದ. ಉಗಿಗೆ ಸೌದೆ ಬೇಕು, ಕಲ್ಲಿದ್ದಲು ಬೇಕು. ಸುತ್ತಲಿನ ಕಾಡಿನ ಸೌದೆ ಎಷ್ಟು ದಿನ ಬಂದೀತು? ಕಲ್ಲಿದ್ದಲು ಬಹಳ ದೂರದಿಂದ ರೈಲಿನಲ್ಲಿ ಬೌರಿಂಗ್‌ಪೇಟೆಗೆ ಬಂದು, ಅಲ್ಲಿಂದ ಎತ್ತಿನ ಗಾಡಿಗೆ ಏರಬೇಕಿತ್ತು. ಬೌರಿಂಗ್‌ಪೇಟೆ ಅಂದರೆ ಇವತ್ತಿನ ಬಂಗಾರಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರು ಆ ಊರಿಗೆ ಬಹಳ ಕಾಲ ಇತ್ತು. ಜೋಲಾರ್‌ಪೇಟೆಯಿಂದ ಬೆಂಗಳೂರು ದಂಡಿಗೆ ಮದ್ರಾಸ್ ರೈಲ್ವೆ ಕಂಪನಿಯ ಗಾಡಿ 1864ರಲ್ಲೇ ಓಡಲು ಶುರುವಾಗಿತ್ತು, ಆ ದಾರಿಯಲ್ಲೇ ಈ ಊರು. ಒಂದು ಬಾಯ್ಲರನ್ನು ಇಲ್ಲಿ ವ್ಯಾಗನ್ನಿನಿಂದ ಇಳಿಸಿ, ಜೋಡಿ ಜೋಡಿ ಎತ್ತು ಕಟ್ಟಿ, ಮಳೆಗಾಲದ ಕೆಸರಿನಲ್ಲಿ ಮಾರಿಕುಪ್ಪಂವರೆಗೆ ಎಳೆಸುವುದನ್ನು ಊಹಿಸಿಕೊಳ್ಳಿ. 16 ಕಿಲೋಮೀಟರ್ ಎಂಬುದು ನಮಗೀಗ ಅರ್ಧ ಗಂಟೆಯ ಮಾತು. ಅವರಿಗೆ ಅದು ಇಡೀ ಉದ್ಯಮದ ಕುತ್ತಿಗೆಗೆ ಬಿದ್ದ ಉರುಳು.

ಆಗ ಮೈಸೂರಿನ ದಿವಾನರು ಕೆ. ಶೇಷಾದ್ರಿ ಅಯ್ಯರ್. ಗಣಿಗಳಿಂದ ಸರ್ಕಾರಕ್ಕೆ ರಾಜಧನ ಬರುತ್ತಿತ್ತು. ಚಿನ್ನ ಹೆಚ್ಚಿದಷ್ಟೂ ಬೊಕ್ಕಸಕ್ಕೆ ಲಾಭ. ಹಾಗಾಗಿ ಹಳಿಗೆ ಹಣ ಹಾಕಿದ್ದು ಮೈಸೂರು ಸರ್ಕಾರವೇ, ಗಾಡಿ ಓಡಿಸುವ ಕೆಲಸ ಮಾತ್ರ ಮದ್ರಾಸ್ ರೈಲ್ವೆಯದು. 1894ರಲ್ಲಿ ‘ಕೋಲಾರ್ ಗೋಲ್ಡ್ ಫೀಲ್ಡ್ಸ್ ರೈಲ್ವೆ’ ಎಂಬ ಹೆಸರಿನಲ್ಲಿ ದಾರಿ ತೆರೆಯಿತು. ಚಾಮರಾಜ ಒಡೆಯರ್ ತೀರಿಕೊಂಡದ್ದೂ ಅದೇ ವರ್ಷದ ಕೊನೆಯಲ್ಲಿ.

ಇಲ್ಲಿ ಗೇಜಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಮೈಸೂರು ಸಂಸ್ಥಾನ ಹಾಕಿದ ದಾರಿಗಳಲ್ಲಿ ದೊಡ್ಡ ಪಾಲು ಮೀಟರ್ ಗೇಜ್. ಬೆಂಗಳೂರು–ಮೈಸೂರು ದಾರಿ ಹಾಗೇ ಇತ್ತು. ಇದು ಮಾತ್ರ ಬ್ರಾಡ್ ಗೇಜ್, ಅಂದರೆ ಎರಡು ಹಳಿಗಳ ನಡುವೆ 5 ಅಡಿ 6 ಅಂಗುಲ. ಖರ್ಚು ಜಾಸ್ತಿ. ಆದರೂ ಯಾಕೆ ಹಾಗೆ ಮಾಡಿದರು ಎಂಬುದು ಭೂಪಟ ನೋಡಿದರೆ ತಿಳಿಯುತ್ತದೆ. ಮದ್ರಾಸಿನಿಂದ ಅರಕ್ಕೋಣಂ, ಕಾಟ್ಪಾಡಿ, ಜೋಲಾರ್‌ಪೇಟೆ ಮೂಲಕ ಬರುವ ದಾರಿ ಬ್ರಾಡ್ ಗೇಜ್. ಗಣಿಯ ಯಂತ್ರಗಳು ಇಂಗ್ಲೆಂಡಿನಿಂದ ಹಡಗಿನಲ್ಲಿ ಬರುತ್ತಿದ್ದವು. ಮದ್ರಾಸಿನಲ್ಲಿ ತುಂಬಿದ ವ್ಯಾಗನ್ನನ್ನು ಮಧ್ಯದಲ್ಲಿ ಎಲ್ಲೂ ಬಿಚ್ಚದೆ ನೇರವಾಗಿ ಗಣಿಯ ಬಾಗಿಲಿಗೆ ತಳ್ಳಬಹುದಿತ್ತು. ಗೇಜು ಬೇರೆಯಾಗಿದ್ದರೆ ಬೌರಿಂಗ್‌ಪೇಟೆಯಲ್ಲಿ ಪ್ರತಿ ಮೂಟೆಯನ್ನೂ ಒಂದು ಗಾಡಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕಿತ್ತು. ಆ ತಾಪತ್ರಯ ಹೇಗಿರುತ್ತದೆ ಎಂಬುದಕ್ಕೆ ಬಂಗಾರಪೇಟೆಯಲ್ಲೇ ಸಾಕ್ಷಿ ಇತ್ತು. ಮುಂದೆ 1910ರ ದಶಕದಲ್ಲಿ ಅಲ್ಲಿಂದ ಕೋಲಾರ, ಚಿಂತಾಮಣಿ, ಚಿಕ್ಕಬಳ್ಳಾಪುರದ ಕಡೆಗೆ ಎರಡೂವರೆ ಅಡಿಯ ನ್ಯಾರೋ ಗೇಜ್ ದಾರಿ ಬಂತು. ಆ ಪುಟ್ಟ ಗಾಡಿಯ ಸರಕನ್ನು ದೊಡ್ಡ ಗಾಡಿಗೆ ದಾಟಿಸುವ ಕೂಲಿ ಕೆಲಸವೇ ಜಂಕ್ಷನ್ನಿನಲ್ಲಿ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟಿತು. ಚಿಕ್ಕಬಳ್ಳಾಪುರದವರೆಗೆ ಆ ದಾರಿ ಪೂರ್ತಿ ಬ್ರಾಡ್ ಗೇಜ್ ಆಗಲು 2013 ಬರಬೇಕಾಯಿತು. ಕೆಜಿಎಫ್ ದಾರಿ ಮಾತ್ರ ಹುಟ್ಟಿದ ದಿನದಿಂದಲೂ ಅಗಲ ಹಳಿಯದೇ.

ಈಗ ಗಾಡಿ ಹತ್ತೋಣ.

ಬಂಗಾರಪೇಟೆ ಬಿಟ್ಟ ಮೇಲೆ ಜೋಲಾರ್‌ಪೇಟೆ ಕಡೆಯ ಮುಖ್ಯ ದಾರಿಯಿಂದ ನಮ್ಮದು ಕವಲೊಡೆದು ಪೂರ್ವಕ್ಕೆ ಹೊರಳುತ್ತದೆ. ಮೊದಲ ಕೆಲವು ಕಿಲೋಮೀಟರು ಸಾಧಾರಣ ಕೋಲಾರ ಸೀಮೆ: ರಾಗಿ ಹೊಲ, ನೀಲಗಿರಿ ತೋಪು, ಅಲ್ಲಲ್ಲಿ ಬೋಳು ಬಂಡೆ, ಒಂದು ಕೆರೆ. ಮುಂದೆ ಸಿಗುವುದು ಬೆಮಲ್ ನಗರ. ಇದು ತಡವಾಗಿ ಸೇರಿಕೊಂಡ ಹೆಸರು. ಬೆಮಲ್ ಸಂಸ್ಥೆ ಹುಟ್ಟಿದ್ದು 1964ರಲ್ಲಿ, ಬುಲ್ಡೋಜರ್, ಎಕ್ಸ್‌ಕವೇಟರ್ ತಯಾರಿಸುವ ಅದರ ಕಾರ್ಖಾನೆ ಇರುವುದು ಇಲ್ಲಿ. ಇಲ್ಲಿಂದ ದಾರಿ ದಕ್ಷಿಣಕ್ಕೆ ತಿರುಗುತ್ತದೆ. ತಿರುಗಿದ ಮೇಲೆ ಬರುವ ನಿಲ್ದಾಣಗಳನ್ನು ಕ್ರಮವಾಗಿ ಕೇಳಿ: ಕೋರಮಂಡಲ್, ಉರಿಗಾಂ, ಚಾಂಪಿಯನ್, ಮಾರಿಕುಪ್ಪಂ.

ನಾಲ್ಕೂ ಗಣಿಗಳ ಸಾಲು. ಕೋಲಾರದ ಶಿಲಾಪಟ್ಟಿ ಉತ್ತರದಿಂದ ದಕ್ಷಿಣಕ್ಕೆ ಸುಮಾರು 80 ಕಿಲೋಮೀಟರ್ ಉದ್ದ ಹಬ್ಬಿದೆ, ಅಗಲ ನಾಲ್ಕೈದು ಕಿಲೋಮೀಟರ್ ಅಷ್ಟೇ. ಅದರೊಳಗೆ ಚಿನ್ನ ದಂಡಿಯಾಗಿ ಇದ್ದದ್ದು ಇನ್ನೂ ಕಿರಿದಾದ ಒಂದು ತುಂಡಿನಲ್ಲಿ. ನಂದಿದುರ್ಗ, ಉರಿಗಾಂ, ಚಾಂಪಿಯನ್ ರೀಫ್, ಮೈಸೂರು ಮೈನ್, ಈ ನಾಲ್ಕು ದೊಡ್ಡ ಗಣಿಗಳು ಒಂದರ ಪಕ್ಕ ಒಂದು, ಉತ್ತರದಿಂದ ದಕ್ಷಿಣಕ್ಕೆ ಸಾಲಾಗಿ ನಿಂತಿದ್ದವು. ಹಳಿ ಹಾಕಿದವರು ಆ ಸಾಲನ್ನೇ ಹಿಡಿದು ಹೋದರು. ಹಾಗಾಗಿ ಬೆಮಲ್ ನಗರದಿಂದಾಚೆ ನಿಮ್ಮ ಗಾಡಿ ಹೋಗುವುದು ನೆಲದೊಳಗಿನ ಚಿನ್ನದ ಪದರಕ್ಕೆ ಸಮಾನಾಂತರವಾಗಿ. ಬೇರೆ ರೈಲುದಾರಿಗಳು ಊರುಗಳನ್ನು ಹುಡುಕಿಕೊಂಡು ಹೋಗುತ್ತವೆ, ಇಲ್ಲಿ ಹಳಿ ಕಲ್ಲನ್ನು ಹಿಂಬಾಲಿಸಿತು, ಊರುಗಳು ಆಮೇಲೆ ಹಳಿಯ ಆಚೀಚೆ ಬೆಳೆದವು. ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆ, ಉರಿಗಾಂಪೇಟೆ, ಚಾಂಪಿಯನ್ ರೀಫ್ಸ್ ಎಲ್ಲ ಹಾಗೆ ಆದವು. ರಾಬರ್ಟ್‌ಸನ್‌ಪೇಟೆಯನ್ನು ಪ್ಲೇಗಿನ ಭಯದ ಕಾಲದಲ್ಲಿ, ಗಾಳಿ ಬೆಳಕು ಆಡುವ ಅಗಲವಾದ ನೇರ ರಸ್ತೆಗಳನ್ನಿಟ್ಟು ಯೋಜಿಸಿ ಕಟ್ಟಿದರು. ಈಗಲೂ ಅಲ್ಲಿ ನಡೆದಾಡಿದರೆ ಆ ಚೌಕಟ್ಟು ಗೊತ್ತಾಗುತ್ತದೆ.

ಕಿಟಕಿ ಪಕ್ಕ ಕುಳಿತವರಿಗೆ ಇಲ್ಲಿ ಎರಡು ವಸ್ತುಗಳು ತಪ್ಪದೆ ಕಾಣುತ್ತವೆ. ಒಂದು, ಶಾಫ್ಟ್‌ಗಳ ಮೇಲಿನ ಕಬ್ಬಿಣದ ಗೋಪುರ. ಅದರ ತುದಿಯ ದೊಡ್ಡ ಚಕ್ರದ ಮೇಲೆ ಹಗ್ಗ ಹಾಯ್ದು ಪಂಜರದಂಥ ಲಿಫ್ಟ್ ಕೆಳಗಿಳಿಯುತ್ತಿತ್ತು. ಚಾಂಪಿಯನ್ ರೀಫ್‌ನ ಗಣಿ ಕೊನೆಕೊನೆಗೆ ಇಳಿದದ್ದು 3 ಕಿಲೋಮೀಟರಿಗೂ ಆಳಕ್ಕೆ. ಅಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ತಣ್ಣನೆಯ ಗಾಳಿಯನ್ನು ಯಂತ್ರದಿಂದ ಒಳಗೆ ಊದದೆ ಮನುಷ್ಯ ನಿಲ್ಲುವಂತಿರಲಿಲ್ಲ. ಒತ್ತಡ ತಡೆಯಲಾರದೆ ಬಂಡೆ ತಾನಾಗಿ ಸಿಡಿಯುವುದಕ್ಕೆ ಹಿಂದಿನವರು ‘ಏರ್ ಬ್ಲಾಸ್ಟ್’ ಅನ್ನುತ್ತಿದ್ದರು. ಕೆಳಗೆ ಅದು ಆದರೆ ಮೇಲಿನ ಮನೆಗಳ ಪಾತ್ರೆ ಅಲುಗುತ್ತಿದ್ದವು. ಮನೆಯಲ್ಲಿದ್ದ ಹೆಂಗಸರಿಗೆ ಆ ಅಲುಗಾಟದ ಅರ್ಥ ಯಾರೂ ಹೇಳಿಕೊಡಬೇಕಿರಲಿಲ್ಲ, ಯಾವ ಶಿಫ್ಟು ಒಳಗಿದೆ ಎಂದು ಲೆಕ್ಕ ಹಾಕುತ್ತಾ ಶಾಫ್ಟ್ ಕಡೆಗೆ ಓಡುತ್ತಿದ್ದರು. ಇದೇ ಗಣಿಯ ಆಳದಲ್ಲಿ 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವು ಸಿಕ್ಕಿತು, ಜಗತ್ತಿನ ಭೌತವಿಜ್ಞಾನಕ್ಕೆ ಅದು ದೊಡ್ಡ ಸುದ್ದಿ. ಅದೇ ಇನ್ನೊಂದು ಉಪನ್ಯಾಸವಾಗುತ್ತದೆ, ಇಲ್ಲಿಗೆ ಬಿಡುತ್ತೇನೆ.

ಎರಡನೆಯದು ಸೈನೈಡ್ ದಿಬ್ಬ. ಚಿನ್ನ ತೆಗೆದ ಮೇಲೆ ಉಳಿದ ಕಲ್ಲಿನ ಪುಡಿಯನ್ನು ಸುರಿದು ಸುರಿದು ಆದ ಗುಡ್ಡಗಳು. ಮೇಲೆ ಚಪ್ಪಟೆ, ಬದಿಗಳಲ್ಲಿ ಮಳೆನೀರು ಕೊರೆದ ಗೀರುಗಳು, ಹಳದಿ ಬೆರೆತ ಬೂದು ಬಣ್ಣ. ಹುಲ್ಲು ಸರಿಯಾಗಿ ಹಿಡಿಯುವುದಿಲ್ಲ. ಬೇಸಿಗೆಯ ಗಾಳಿಗೆ ಆ ಪುಡಿ ಎದ್ದು ಗಾಡಿಯ ಒಳಗೂ ಬರುತ್ತದೆ, ಲೈನು ಮನೆಗಳ ಅನ್ನದ ತಟ್ಟೆಗೂ ಬೀಳುತ್ತದೆ. ಇಂಥ ದಿಬ್ಬಗಳಲ್ಲಿ ಇರುವ ಪುಡಿ ಮೂರು ಕೋಟಿ ಟನ್ನಿಗೂ ಹೆಚ್ಚು. ಆಗ ಹೇಳಿದ 800 ಟನ್ನಿನ ಪಕ್ಕದಲ್ಲಿ ಈ ಸಂಖ್ಯೆ ಇಟ್ಟು ನೋಡಿ. ಚಿನ್ನ ಲಂಡನ್ನಿಗೆ ಹೋಯಿತು, ಪುಡಿ ಇಲ್ಲೇ ಉಳಿಯಿತು.

ಜನರ ವಿಷಯಕ್ಕೆ ಬರುತ್ತೇನೆ. 1891ರ ಜನಗಣತಿಯಲ್ಲಿ ಗಣಿ ಪ್ರದೇಶದ ಜನಸಂಖ್ಯೆ ಸುಮಾರು 7 ಸಾವಿರ. 1901ರಲ್ಲಿ 38 ಸಾವಿರ. ಎರಡು ಗಣತಿಗಳ ನಡುವೆ ನಡೆದ ದೊಡ್ಡ ಸಂಗತಿಗಳಲ್ಲಿ ಒಂದು ಈ ರೈಲು. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯ ಹಳ್ಳಿಗಳಿಂದ ಭೂಮಿಯಿಲ್ಲದ, ಜಾತಿಯ ಕಾರಣಕ್ಕೆ ಊರ ಹೊರಗೇ ಇಟ್ಟಿದ್ದ ಕುಟುಂಬಗಳು ಜೋಲಾರ್‌ಪೇಟೆ ದಾರಿಯಲ್ಲಿ ಬಂದು ಬೌರಿಂಗ್‌ಪೇಟೆಯಲ್ಲಿ ಈ ಗಾಡಿ ಹತ್ತಿದವು. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ತವರದ ಗಣಿಗಳು ಮುಚ್ಚುತ್ತಿದ್ದ ಕಾಲ, ಅಲ್ಲಿನ ಗಣಿ ಕೆಲಸಗಾರರೂ ಹಡಗು ಹತ್ತಿ, ರೈಲು ಹತ್ತಿ ಇಲ್ಲಿಗೆ ಬಂದರು. ಕಾವಲಿಗೆ ಪಂಜಾಬಿನವರು ಬಂದರು. ಗಾಡಿ ಒಂದೇ, ಇಳಿದ ಮೇಲೆ ದಾರಿ ಬೇರೆ. ಬಿಳಿಯರಿಗೆ ತೋಟವಿದ್ದ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಕೂಲಿಗಳಿಗೆ ಸಾಲು ಸಾಲಾಗಿ ಹಾಕಿದ ತಟ್ಟಿ ಗುಡಿಸಲು, ಒಂದೇ ಕೋಣೆ.

ಈ ಗಾಡಿ ಇನ್ನೊಂದನ್ನೂ ತಂದಿತು, ಅದನ್ನು ಯಾವ ಸರಕು ಪಟ್ಟಿಯಲ್ಲೂ ಬರೆದಿರುವುದಿಲ್ಲ. ಮದ್ರಾಸಿನಲ್ಲಿ ಅಯೋತಿದಾಸ ಪಂಡಿತರು ದಲಿತರ ನಡುವೆ ಬೌದ್ಧ ಧರ್ಮದ ಚಿಂತನೆಯನ್ನು ಮತ್ತೆ ಕಟ್ಟುತ್ತಿದ್ದಾಗ, 20ನೇ ಶತಮಾನದ ಮೊದಲ ದಶಕದಲ್ಲೇ, ಅವರ ಸಂಘದ ಒಂದು ಶಾಖೆ ಮಾರಿಕುಪ್ಪಂನಲ್ಲಿ ಹುಟ್ಟಿತು. ಅವರ ವಾರಪತ್ರಿಕೆಗೆ ಗಣಿಯ ಲೈನುಗಳಲ್ಲಿ ಓದುಗರಿದ್ದರು, ಬರೆಯುವವರೂ ಇದ್ದರು. ಚಾಂಪಿಯನ್ ರೀಫ್ಸ್‌ನಲ್ಲಿ ಪುಸ್ತಕ ಪ್ರಕಟಿಸುವ ಕೇಂದ್ರವೂ ನಡೆಯಿತು. ನಾಗಪುರದಲ್ಲಿ ಅಂಬೇಡ್ಕರರು ದೀಕ್ಷೆ ಪಡೆದದ್ದು 1956ರಲ್ಲಿ. ಅದಕ್ಕೆ ಅರ್ಧ ಶತಮಾನ ಮೊದಲೇ, ನೆಲದೊಳಗೆ ಎಂಟು ತಾಸು ಕಲ್ಲು ಕೊರೆದು ಮೇಲೆ ಬಂದ ಜನ, ರೈಲಿನ ಕೊನೆಯ ನಿಲ್ದಾಣದ ಪಕ್ಕದಲ್ಲಿ ಬುದ್ಧನನ್ನು ಓದುತ್ತಿದ್ದರು. ಕರ್ನಾಟಕದ ಚರಿತ್ರೆಯಲ್ಲಿ ಇದಕ್ಕೆ ಸಿಗಬೇಕಾದ ಜಾಗ ಇನ್ನೂ ಸಿಕ್ಕಿಲ್ಲ.

ರೈಲಿದ್ದ ಕಾರಣ ಕೂಲಿಗಳಿಗೆ ಊರಿನ ನಂಟು ಕಡಿಯಲಿಲ್ಲ. ಸುಗ್ಗಿಗೆ, ಹಬ್ಬಕ್ಕೆ, ಸಾವಿಗೆ ಹೋಗಿಬರುತ್ತಿದ್ದರು. ಒಂದು ಗಣಿಯಲ್ಲಿ ಸರಿ ಬರದಿದ್ದರೆ ಇನ್ನೊಂದಕ್ಕೆ ಸೇರುತ್ತಿದ್ದರು. ಕಂಪನಿಗಳಿಗೆ ಇದು ಹಿಡಿಸಲಿಲ್ಲ, ಆಳುಗಳು ಕಟ್ಟಿಹಾಕಿದಂತೆ ನಿಲ್ಲಬೇಕಿತ್ತು. ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕು ಎಂಬ ನಿಯಮದ ವಿರುದ್ಧ 1930ರಲ್ಲಿ ಸಾವಿರಾರು ಕಾರ್ಮಿಕರು ವಾರಗಟ್ಟಲೆ ಕೆಲಸ ನಿಲ್ಲಿಸಿದರು. ಕಳ್ಳರಿಗೆ ಮಾಡುವ ಹಾಗೆ ನಮ್ಮ ಹೆಬ್ಬೆಟ್ಟು ತೆಗೆದುಕೊಳ್ಳುವುದೇನು ಎಂಬ ಸಿಟ್ಟು ಅದರ ಹಿಂದಿತ್ತು.

ಇನ್ನು ವಿದ್ಯುತ್ತಿನ ಕಥೆ. ಶಿವನಸಮುದ್ರದ ಬಗ್ಗೆ ನಾವೆಲ್ಲ ಹೆಮ್ಮೆಯಿಂದ ಮಾತಾಡುತ್ತೇವೆ. 1902ರ ಜೂನ್‌ನಲ್ಲಿ ಕಾವೇರಿಯ ವಿದ್ಯುತ್ತು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಕೆಜಿಎಫ್ ತಲುಪಿತು, ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಮೂರು ವರ್ಷ ಆದ ಮೇಲೆ, 1905ರಲ್ಲಿ. ಇದರಲ್ಲಿ ರೈಲಿನ ಪಾತ್ರ ಏನು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ರೈಲು ಬಂದ ಮೇಲೂ ಕಲ್ಲಿದ್ದಲು ದುಬಾರಿಯೇ. ಗಾಡಿ ಖರ್ಚು ಕಡಿಮೆಯಾದಂತೆ ಗಣಿಗಳು ಇನ್ನೂ ಆಳಕ್ಕಿಳಿದವು, ಆಳಕ್ಕಿಳಿದಂತೆ ಇನ್ನೂ ಹೆಚ್ಚು ಉಗಿ ಬೇಕಾಯಿತು, ಇದ್ದಲಿನ ಬಿಲ್ಲು ಮತ್ತೆ ಏರಿತು. ಈ ಸುಳಿಯಿಂದ ಹೊರಬರಲು ಕಂಪನಿಗಳು ಮೈಸೂರು ಸರ್ಕಾರದ ಜಲವಿದ್ಯುತ್ ಯೋಜನೆಗೆ ಒಪ್ಪಿದವು. ಯೋಜನೆ ರೂಪಿಸಿದವರು ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್, ಬೆನ್ನಿಗೆ ನಿಂತವರು ಶೇಷಾದ್ರಿ ಅಯ್ಯರ್. ದೀಪ ಹತ್ತುವುದನ್ನು ನೋಡಲು ಅಯ್ಯರ್ ಉಳಿಯಲಿಲ್ಲ, 1901ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ನಮ್ಮ ನಾಡಿಗೆ ವಿದ್ಯುತ್ತು ಬಂದದ್ದರ ಹಿಂದೆ ಈ ಸಣ್ಣ ರೈಲುದಾರಿಯಲ್ಲಿ ಬಂದಿಳಿಯುತ್ತಿದ್ದ ಇದ್ದಲಿನ ಬೆಲೆ ಇದೆ ಎಂದು ನಾನು ನಂಬುತ್ತೇನೆ.

ಆಡಳಿತದ ಬದಲಾವಣೆಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತೇನೆ: ಮದ್ರಾಸ್ ರೈಲ್ವೆ, 1908ರಿಂದ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ, 1951ರಿಂದ ದಕ್ಷಿಣ ರೈಲ್ವೆ, 2003ರಿಂದ ನೈಋತ್ಯ ರೈಲ್ವೆಯ ಬೆಂಗಳೂರು ವಿಭಾಗ. ಗಣಿಗಳೂ ಕೈ ಬದಲಾಯಿಸಿದವು. 1956ರಲ್ಲಿ ಮೈಸೂರು ರಾಜ್ಯ ಸರ್ಕಾರ ವಹಿಸಿಕೊಂಡಿತು, 1962ರಲ್ಲಿ ಕೇಂದ್ರ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್. ಅಷ್ಟರಲ್ಲಿ ಕಲ್ಲಿನಲ್ಲಿ ಚಿನ್ನ ತೆಳುವಾಗುತ್ತಾ, ಆಳ ಹೆಚ್ಚುತ್ತಾ, ಒಂದು ಗ್ರಾಂ ಚಿನ್ನ ತೆಗೆಯುವ ಖರ್ಚು ಅದರ ಬೆಲೆಯನ್ನೇ ಮೀರಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಕೊನೆಗೆ ಉಳಿದಿದ್ದ ಮೂರು ಸಾವಿರಕ್ಕೂ ಹೆಚ್ಚು ಕಾರ್ಮಿಕರಿಗೆ ಮಾರನೆಯ ದಿನದಿಂದ ಕೆಲಸವಿಲ್ಲ. ಪಂಪುಗಳು ನಿಂತವು, ನೂರು ವರ್ಷ ಹೊರಗೆ ಹಾಕಿದ ನೀರು ಸುರಂಗಗಳಿಗೆ ವಾಪಸು ತುಂಬಿಕೊಂಡಿತು.

ಒಂದು ಉದ್ಯಮಕ್ಕೆಂದೇ ಹಾಕಿದ ರೈಲುದಾರಿ ಆ ಉದ್ಯಮ ಸತ್ತ ಮೇಲೆ ಸಾಮಾನ್ಯವಾಗಿ ತಾನೂ ಸಾಯುತ್ತದೆ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಹೋಗುತ್ತಿದ್ದ ಟ್ರಾಮ್ ದಾರಿಯನ್ನು ಈಗ ಹುಡುಕಿದರೆ ಸಿಗುವುದು ಅಲ್ಲೊಂದು ಇಲ್ಲೊಂದು ಗುರುತು ಮಾತ್ರ. ಕೆಜಿಎಫ್ ದಾರಿ ಸಾಯಲಿಲ್ಲ. ಮೂರು ಕಾರಣ ಒಟ್ಟಿಗೆ ಕೂಡಿಬಂದವು. ಅದು ಬ್ರಾಡ್ ಗೇಜ್ ಆಗಿತ್ತು, ಬೆಂಗಳೂರಿಗೆ ಗಾಡಿ ಬದಲಿಸದೆ ಹೋಗಬಹುದಿತ್ತು. ಬಂಗಾರಪೇಟೆಯಿಂದ ಬೆಂಗಳೂರು ಬರೀ 70 ಕಿಲೋಮೀಟರ್. ಗಣಿ ಮುಚ್ಚಿದ ಆ ಕಾಲಕ್ಕೇ ಸರಿಯಾಗಿ ಬೆಂಗಳೂರಿನ ಪೂರ್ವ ಭಾಗ, ವೈಟ್‌ಫೀಲ್ಡ್, ಕೃಷ್ಣರಾಜಪುರ, ರೈಲುದಾರಿಗೆ ಅಂಟಿಕೊಂಡೇ ಊದಿಕೊಳ್ಳುತ್ತಿತ್ತು. ಗಣಿಗೆ ಯಂತ್ರ ಸಲೀಸಾಗಿ ಬರಲಿ ಎಂದು ತೆಗೆದುಕೊಂಡ 1894ರ ಗೇಜಿನ ತೀರ್ಮಾನ, ನೂರು ವರ್ಷದ ಮೇಲೆ ಗಣಿ ಕಾರ್ಮಿಕರ ಮಕ್ಕಳಿಗೆ ಕೆಲಸದ ದಾರಿಯಾಯಿತು. ಯಾರೂ ಹಾಗೆಂದು ಯೋಜಿಸಿರಲಿಲ್ಲ.

ಬೆಳಗಿನ ಗಾಡಿಯನ್ನು ನೀವು ಒಮ್ಮೆಯಾದರೂ ನೋಡಬೇಕು. ಇನ್ನೂ ಕತ್ತಲಿರುವಾಗಲೇ ಮಾರಿಕುಪ್ಪಂನಲ್ಲಿ ಒಂದಷ್ಟು ಜನ ಹತ್ತುತ್ತಾರೆ. ಚಾಂಪಿಯನ್‌ನಲ್ಲಿ ಸೀಟು ಸಿಗುತ್ತದೆ, ಉರಿಗಾಂ ದಾಟುವಾಗ ಕಷ್ಟ, ಬಂಗಾರಪೇಟೆಯಲ್ಲಿ ಹತ್ತಿದವರು ನಿಂತೇ ಹೋಗಬೇಕು, ಟೇಕಲ್ ಮತ್ತು ಮಾಲೂರಿನವರಿಗೆ ಬಾಗಿಲ ಹತ್ತಿರ ಕಾಲಿಡಲು ಜಾಗ ಸಿಕ್ಕರೆ ಪುಣ್ಯ. ದಿನಾ ಹೋಗುವವರಿಗೆ ಅವರವರ ಡಬ್ಬಿ, ಅವರವರ ಮೂಲೆ ಉಂಟು. ಸೆಕ್ಯೂರಿಟಿ ಕೆಲಸದವರು ಯೂನಿಫಾರಂ ಮಡಚಿ ಬ್ಯಾಗಿನಲ್ಲಿಟ್ಟಿರುತ್ತಾರೆ, ನರ್ಸುಗಳು ತಲೆ ವಾಲಿಸಿ ನಿದ್ದೆ ಮಾಡುತ್ತಾರೆ, ಗಾರೆ ಕೆಲಸದವರು, ಅಂಗಡಿ ಮಾಲ್‌ಗಳಲ್ಲಿ ಕೆಲಸ ಮಾಡುವ ಹುಡುಗಿಯರು, ಲ್ಯಾಪ್‌ಟಾಪ್ ಚೀಲದ ಹುಡುಗರು ಎಲ್ಲರೂ ಒಂದೇ ಬೋಗಿಯಲ್ಲಿ. ತಮಿಳು, ತೆಲುಗು, ಕನ್ನಡ ಒಂದೇ ವಾಕ್ಯದೊಳಗೆ ಓಡಾಡುತ್ತವೆ. ಸಂಜೆ ಮತ್ತೆ ಇದೇ, ತಿರುಗುಮುರುಗು. ಮುಖ್ಯ ದಾರಿಯಲ್ಲಿ ಚೆನ್ನೈ ಕಡೆಯ, ಕೇರಳದ ಕಡೆಯ ಎಕ್ಸ್‌ಪ್ರೆಸ್‌ಗಳ ಸಾಲು. ಅವುಗಳಿಗೆ ದಾರಿ ಬಿಟ್ಟು ಲೋಕಲ್ ಗಾಡಿ ಔಟರ್‌ನಲ್ಲಿ ನಿಂತಾಗ ಯಾರದೋ ಮನೆಯ ಅಡುಗೆ, ಯಾರದೋ ಮಗುವಿನ ಪಾಠ ಅಷ್ಟು ಹೊತ್ತು ತಡವಾಗುತ್ತದೆ.

ಈಗ ಇಲ್ಲಿ ಓಡುವುದು ಮೆಮು ಗಾಡಿಗಳು. ಎಂಜಿನ್ ಎಳೆಯುವ ಗಾಡಿಯಾದರೆ ಮಾರಿಕುಪ್ಪಂನಂಥ ಕೊನೆಯ ನಿಲ್ದಾಣದಲ್ಲಿ ಎಂಜಿನ್ ಬಿಚ್ಚಿ, ಪಕ್ಕದ ಹಳಿಯಲ್ಲಿ ಸುತ್ತಿಸಿ ತಂದು, ಇನ್ನೊಂದು ತುದಿಗೆ ಕಟ್ಟಬೇಕು. ಮೆಮುಗೆ ಎರಡೂ ತುದಿಯಲ್ಲಿ ಚಾಲಕನ ಕೋಣೆ ಇರುವುದರಿಂದ ಚಾಲಕ ಈ ಕಡೆಯಿಂದ ಆ ಕಡೆಗೆ ನಡೆದು ಹೋದರೆ ಸಾಕು. ಹೆಜ್ಜೆ ಹೆಜ್ಜೆಗೂ ನಿಲ್ಲುವ ದಾರಿಯಲ್ಲಿ ಅದು ಬೇಗ ವೇಗ ಹಿಡಿಯುತ್ತದೆ ಕೂಡ. ವೈಟ್‌ಫೀಲ್ಡ್ ಮತ್ತು ಕೆ.ಆರ್. ಪುರದಲ್ಲಿ ಪಕ್ಕದಲ್ಲೇ ಮೆಟ್ರೋ ಸಿಗುವುದರಿಂದ 2023ರ ನಂತರ ಎಷ್ಟೋ ಜನರ ಮುಂದಿನ ಪ್ರಯಾಣ ಹಗುರವಾಗಿದೆ.

ಈ ಊರು ಈ ಹಳಿಯ ಮೇಲೆ ಎಷ್ಟು ನಿಂತಿದೆ ಎಂಬುದು 2020ರಲ್ಲಿ ಗೊತ್ತಾಯಿತು. ಆ ವರ್ಷದ ಮಾರ್ಚ್‌ನಲ್ಲಿ ದೇಶದ ಪ್ರಯಾಣಿಕ ಗಾಡಿಗಳೆಲ್ಲ ನಿಂತವು. ಲಾಕ್‌ಡೌನ್ ಸಡಿಲವಾಗಿ ಬೆಂಗಳೂರಿನ ಕೆಲಸಗಳು ಶುರುವಾದ ಮೇಲೂ ಪಾಸಿನ ಗಾಡಿಗಳು ಬೇಗ ಬರಲಿಲ್ಲ. ರೈಲಿನ ತಿಂಗಳ ಪಾಸಿನ ದುಡ್ಡು ಬಸ್ಸಿಗಾದರೆ ಕೆಲವು ದಿನಕ್ಕೆ ಮುಗಿಯುತ್ತದೆ. ಸಂಬಳವೇ ಓಡಾಟಕ್ಕೆ ಸರಿಹೋಗುವಂತಾದಾಗ ಕೆಲಸ ಬಿಡದೆ ವಿಧಿಯಿಲ್ಲ. ಹಾಗಾಗಿ ಈ ದಾರಿಗೆ ಬಂದ ಟಿಕೆಟ್ ಹಣ ಎಷ್ಟು ಎಂದು ಮಾತ್ರ ಕೇಳುವವರಿಗೆ ನಾನು ಹೇಳುವುದಿಷ್ಟು: ಈ 16 ಕಿಲೋಮೀಟರ್ ಹಳಿ ಎಷ್ಟು ಮನೆಗಳ ಸಂಬಳವನ್ನು ಹೊರುತ್ತಿದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಇನ್ನಷ್ಟು ಗಾಡಿ, ಇನ್ನಷ್ಟು ಬೋಗಿ ಕೇಳುವುದು ಇಲ್ಲಿನ ಜನರ ಹಕ್ಕು, ಅವರು ಯಾರ ದಯೆಯನ್ನೂ ಬೇಡುತ್ತಿಲ್ಲ.

ಉಪನ್ಯಾಸ ಮುಗಿದ ಮೇಲೆ ಸಭಿಕರು ಎರಡು ಪ್ರಶ್ನೆ ಕೇಳಿದರು. ಅವುಗಳ ಉತ್ತರವನ್ನೂ ಇಲ್ಲೇ ಸೇರಿಸುತ್ತಿದ್ದೇನೆ.

ಗಣಿಗೆ ನೀರು ಕೂಡ ರೈಲಿನಲ್ಲಿ ಬರುತ್ತಿತ್ತೇ ಎಂದು ಒಬ್ಬರು ಕೇಳಿದರು. ಗಣಿ ಊರಿನ ದೊಡ್ಡ ನೀರಿನ ಆಸರೆ ಬೇತಮಂಗಲ. ಪಾಲಾರ್ ನದಿಯ ನೀರು ನಿಲ್ಲುವ ಅಲ್ಲಿನ ಕೆರೆಯಿಂದ ಕೊಳವೆಯಲ್ಲಿ ಶುದ್ಧ ನೀರು ತಂದರು. ಆ ನೀರಿನ ಸ್ಥಾವರ ಇವತ್ತಿಗೂ ನೋಡತಕ್ಕದ್ದು.

ಇನ್ನೊಬ್ಬರ ಪ್ರಶ್ನೆ: ಮಾರಿಕುಪ್ಪಂನಿಂದ ಆಚೆಗೆ ದಾರಿ ಇಲ್ಲವೇ? ಸದ್ಯ ಹಳಿ ಅಲ್ಲಿಗೇ ಮುಗಿಯುತ್ತದೆ, ಆಂಧ್ರದ ಗಡಿ ಹೆಚ್ಚು ದೂರವಿಲ್ಲ. ಮಾರಿಕುಪ್ಪಂನಿಂದ ಕುಪ್ಪಂವರೆಗೆ ಸುಮಾರು 24 ಕಿಲೋಮೀಟರ್ ಹೊಸ ದಾರಿಗೆ 2011-12ರ ಹೊತ್ತಿಗೆ ಮಂಜೂರಾತಿ ಸಿಕ್ಕಿತು, ಕೆಲಸ ಬಹಳ ನಿಧಾನವಾಗಿ ಸಾಗಿದೆ. ಕುಪ್ಪಂ ಇರುವುದು ಬೆಂಗಳೂರು–ಜೋಲಾರ್‌ಪೇಟೆ ಮುಖ್ಯ ದಾರಿಯ ಮೇಲೆಯೇ. ಇದು ಕೂಡಿದರೆ ಬಂಗಾರಪೇಟೆ ಮತ್ತು ಕುಪ್ಪಂ ನಡುವೆ ಎರಡನೆಯ ದಾರಿ ಸಿಗುತ್ತದೆ. ಒಂದು ಕಡೆ ಕೆಟ್ಟು ನಿಂತರೆ ಗಾಡಿಗಳನ್ನು ಇನ್ನೊಂದು ಕಡೆಯಿಂದ ತಿರುಗಿಸಬಹುದು. ಕೋಲಾರದ ಶಿಲಾಪಟ್ಟಿಯೂ ಅದೇ ದಿಕ್ಕಿನಲ್ಲಿ ಆಂಧ್ರದ ಚಿಗರಗುಂಟದ ಕಡೆಗೆ ಮುಂದುವರಿಯುತ್ತದೆ, ಅಲ್ಲೂ ಚಿನ್ನದ ಗಣಿ ನಡೆದಿತ್ತು. ಆದರೆ ಇವತ್ತಿನ ಕೆಜಿಎಫ್‌ಗೆ ಮುಖ್ಯವಾದದ್ದು ಬೇರೆ. ದಾರಿ ಕೂಡಿದ ದಿನ ಮಾರಿಕುಪ್ಪಂ ಕೊನೆಯ ನಿಲ್ದಾಣವಾಗಿ ಉಳಿಯುವುದಿಲ್ಲ, ಚೆನ್ನೈ ಕಡೆಯ ಗಾಡಿಗಳು ಉರಿಗಾಂ ಮೇಲೆ ಹಾದುಹೋಗುವ ಅವಕಾಶ ತೆರೆಯುತ್ತದೆ. ಆಗ ಅವುಗಳನ್ನು ಉರಿಗಾಂನಲ್ಲಿ ನಿಲ್ಲಿಸುವಂತೆ ಒತ್ತಾಯ ಮಾಡುವ ಕೆಲಸವನ್ನು ಈಗಿನಿಂದಲೇ ಶುರು ಮಾಡಬೇಕು.